ಹನ್ನೆರಡು ಹಂಚಿನ ಏಷ್ಯಾ

ಕಾದ ಹಂಚಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆಯನ್ನು ಮಣ್ಣಿನ ವಾಸನೆ ಎನ್ನುವವರು ಹಂಚಿನ ಕಾರ್ಖಾನೆಯೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಬೆಂಕಿ ಕಂಡು ಬಂದ ಮಣ್ಣಿಗೆ ಬೇರೆಯೇ ವಾಸನೆ. ನನ್ನ ಅಮ್ಮನ ಸೆರಗು ಆ ವಾಸನೆಯದು. ಕಳೆದ ವರ್ಷ ಮೇ ತಿಂಗಳ ಕೊನೆಗೆ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ರಿಕ್ಷಾದಲ್ಲಿ ಫರಂಗಿಪೇಟೆಯ ಕಡೆ ಬರುವಾಗ ಅದೇ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ, ನಾನು ಕಲಿತ ಶಾಲೆಯ ಮಾಡು ಕೆಡವುತ್ತಿದ್ದಾರೆ! ಇಳಿಸಿದ ಹಂಚಿನ ರಾಶಿಯಿಂದ ಧೂಳು ಏಳಬಾರದೆಂದು ಒಬ್ಬ ಪೈಪಿನಲ್ಲಿ ನೀರು ಬಿಡುತ್ತಿದ್ದ.

"ಇಲ್ಲೇ ನಿಲ್ಲಿಸು ಮಾರಾಯ" ಎಂದೆ. ರಿಕ್ಷಾದವನಿಗೆ ನನ್ನ ಮೊಣಕಾಲಿನ ಚಿಂತೆ. "ಅಲ್ಲಿ ಮೊಳೆ ಎಲ್ಲ ಉಂಟು ಅಜ್ಜಿ, ಇಳೀಬೇಡಿ" ಎಂದ. ಇಳಿದೆ. ಇಳಿಯಬೇಡ ಎಂದಲ್ಲಿ ಇಳಿಯುವುದು ನನ್ನ ಹಳೆಯ ಚಾಳಿ. ಅದು ಎಲ್ಲಿಂದ ಅಂಟಿಕೊಂಡಿತು ಎಂದರೆ, ಇದೇ ಅಂಗಳದಿಂದ, ಒಂದೇ ಒಂದು ವರ್ಷದಲ್ಲಿ.

ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿ ಆಗ ಹೆಚ್ಚು ಕಾಲವಾಗಿರಲಿಲ್ಲ. ನನಗೆ ಹದಿಮೂರು ವರ್ಷ, ಎಂಟನೆಯ ಕ್ಲಾಸು. ಎಂಟಕ್ಕೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲ ಅದು. ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಹೊಳೆಬದಿಯ ಹಂಚಿನ ಕಾರ್ಖಾನೆ. ಇವೆರಡರ ನಡುವೆ ನನ್ನಂಥವಳಿಗೆ ಮೂರನೆಯ ದಾರಿ ಇರಲಿಲ್ಲ. ಅಪ್ಪ ಘಟ್ಟದ ಮೇಲಿನ ಕಾಫಿ ತೋಟಕ್ಕೆಂದು ಹೋದವರು ಮತ್ತೆ ಇಳಿದು ಬರಲಿಲ್ಲ. ಅಮ್ಮನ ಹೆಸರು ಅಕ್ಕು. ಆ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುವವಳು. ಅಚ್ಚಿನಿಂದ ತೆಗೆದ ಹಸಿ ಹಂಚುಗಳನ್ನು ಹಲಗೆಯ ಮೇಲೆ ಜೋಡಿಸಿ, ತಲೆಯ ಮೇಲಿಟ್ಟು, ಒಂದರ ಅಂಚೂ ಬಾಗದ ಹಾಗೆ ಒಣಗಿಸುವ ಅಟ್ಟಕ್ಕೆ ಮುಟ್ಟಿಸಬೇಕು. ಅವಳ ಕುತ್ತಿಗೆ ನೇರವಾಗಿತ್ತು. ಯಾರ ಮುಂದೆಯೂ ಅದು ಬಗ್ಗಿದ್ದನ್ನು ನಾನು ನೋಡಿಲ್ಲ.

ಜುಲೈ ನಡುವೆ ಶುರುವಾಗುವ ಆಟಿ ತಿಂಗಳ ಮಳೆ. ನೇತ್ರಾವತಿ ಕೆಂಪಗೆ ಉಬ್ಬಿ, ಬೆಳ್ತಂಗಡಿ ಕಡೆಯ ಮರದ ದಿಮ್ಮಿಗಳನ್ನು ಹೊತ್ತುಕೊಂಡು ನಮ್ಮ ಕಣ್ಣೆದುರೇ ಕಡಲಿಗೆ ಓಡುತ್ತಿತ್ತು. ಕ್ಲಾಸಿನಲ್ಲಿ ಭೂಗೋಳ. ಅದನ್ನು ಹೆಡ್ಮಾಷ್ಟ್ರೇ ಹೇಳಿಕೊಡುತ್ತಿದ್ದರು. ಗೋಡೆಯ ಮೇಲೆ ಏಷ್ಯಾದ ಮ್ಯಾಪು. ಅದರ ನಡುವೆ ಅಂಗೈ ಅಗಲದಷ್ಟು ಜಾಗ ಗೆದ್ದಲು ತಿಂದು ಹೋಗಿತ್ತು. ಹೆಡ್ಮಾಷ್ಟ್ರು ಬೆತ್ತದ ತುದಿಯನ್ನು ಆ ತೂತಿನ ಮೇಲಿಟ್ಟು "ಇದು ಗೋಬಿ ಮರುಭೂಮಿ" ಎಂದು ದಾಟಿಹೋಗುತ್ತಿದ್ದರು. ಮರುಭೂಮಿ ಎಂದರೆ ಗೋಡೆಯ ಸುಣ್ಣ ಕಾಣುವ ಜಾಗ ಎಂದೇ ನಾವು ತುಂಬ ದಿನ ತಿಳಿದಿದ್ದೆವು.

ಆ ದಿನ ಅವರ ಬೆತ್ತ ನನ್ನ ಕಡೆ ತಿರುಗಿತು. "ಗುಲಾಬಿ, ನೀನು ಹೇಳು. ಸೈಬೀರಿಯಾದ ಓಬ್, ಯೆನಿಸೆಯ್, ಲೇನಾ, ಈ ಮೂರು ನದಿಗಳು ಯಾವ ದಿಕ್ಕಿಗೆ ಹರಿಯುತ್ತವೆ?"

ಎದ್ದು ನಿಂತು, ಒಂದು ಚೂರೂ ಯೋಚಿಸದೆ ಹೇಳಿದೆ. "ಪಡುವಣಕ್ಕೆ ಸಾರ್."

ಇದು ನಮ್ಮ ಊರಿನವರು ಮಾತ್ರ ಮಾಡುವ ತಪ್ಪು. ನಮಗೆ ಮೂಡಣ ಎಂದರೆ ಘಟ್ಟ, ಪಡುವಣ ಎಂದರೆ ಕಡಲು. ಮೇಲೆ ಎಂದರೆ ಮೂಡಣ, ಕೆಳಗೆ ಎಂದರೆ ಪಡುವಣ. ನೇತ್ರಾವತಿ, ಗುರುಪುರ ಹೊಳೆ, ಗದ್ದೆಯ ತೋಡು, ಮಾಡಿನ ನೀರು ಬಿದ್ದು ಅಂಗಳದಲ್ಲಿ ಹರಿಯುವ ಗೆರೆ, ಎಲ್ಲವೂ ಹೋಗುವುದು ಪಡುವಣಕ್ಕೆ. ಬೇರೆ ದಿಕ್ಕಿಗೆ ಹೋಗುವ ನೀರನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಉತ್ತರಕ್ಕೆ!" ಎಂದು ಹೆಡ್ಮಾಷ್ಟ್ರು ಮೇಜಿಗೆ ಬೆತ್ತ ಬಡಿದರು. ನಾನು ಮ್ಯಾಪು ನೋಡಿದೆ. ಉತ್ತರ ಮೇಲಿತ್ತು. ಮೂರು ನೀಲಿ ಗೆರೆಗಳು ಗೋಡೆ ಹತ್ತುತ್ತಿದ್ದವು.

"ಅದು ಮೇಲೆ ಉಂಟಲ್ಲ ಸಾರ್. ನೀರು ಮೇಲಕ್ಕೆ ಹೇಗೆ ಹೋಗ್ತದೆ?"

ಅಧಿಕಪ್ರಸಂಗ ಮಾಡಬೇಕೆಂದು ಕೇಳಿದ್ದಲ್ಲ, ದೇವರಾಣೆ. ನಿಜವಾಗಿ ಗೊತ್ತಾಗದೆ ಕೇಳಿದೆ. ಆದರೆ ಅವರಿಗೂ ಗೊತ್ತಿರಲಿಲ್ಲ ಎಂಬುದು ಅವರ ಮುಖದಲ್ಲಿ ಕಂಡಿತು, ನಾನು ಕಂಡದ್ದನ್ನು ಅವರೂ ಕಂಡರು. ಗೊತ್ತಿಲ್ಲದವರ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಇನ್ನೊಂದಿಲ್ಲ. "ಮ್ಯಾಪಿನಲ್ಲಿ ಹಾಗೆ ಉಂಟು, ಹಾಗೇ ಕಲೀಬೇಕು. ಹಂಚು ಹೊರುವವರ ತಲೆಗೆ ಏಷ್ಯಾ ಹತ್ತುವುದಿಲ್ಲ" ಎಂದರು. ಮತ್ತೆ ಮೇಜಿನ ಖಾನೆಯಿಂದ ಪರೀಕ್ಷೆಗೆ ಕಳುಹಿಸುವವರ ಪಟ್ಟಿ ತೆಗೆದು, ಎಲ್ಲರೂ ನೋಡುವ ಹಾಗೆ ಒಂದು ಹೆಸರಿನ ಮೇಲೆ ಗೀಟು ಎಳೆದರು. "ನಮ್ಮ ಶಾಲೆಯಲ್ಲಿ ಈವರೆಗೆ ಒಬ್ಬರೂ ಫೇಲಾಗಿಲ್ಲ. ನಿನ್ನಿಂದ ಅದು ಶುರು ಆಗುವುದು ಬೇಡ. ಮುಂದಿನ ವರ್ಷ ನೋಡುವ."

ಮುಂದಿನ ವರ್ಷ ಎಂಬುದೊಂದು ನನಗಿರಲಿಲ್ಲ. ಪರೀಕ್ಷೆ ಇಲ್ಲದ ಹುಡುಗಿಗೆ ಶಾಲೆ ಯಾಕೆ ಎಂದು ಕಾರ್ಖಾನೆಯ ಮೇಸ್ತ್ರಿ ಮೊದಲೇ ಅಮ್ಮನ ಹತ್ತಿರ ಕೇಳಿಟ್ಟಿದ್ದ. ಶಾಲೆಯ ಗೋಡೆಯ ಮೇಲೆ ಹೆಡ್ಮಾಷ್ಟ್ರು ದೊಡ್ಡ ಅಕ್ಷರದಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಬರೆಸಿದ್ದರು. ನಮ್ಮ ಮನೆಯ ಕೈಗಳೋ, ಹತ್ತು ವರ್ಷದಿಂದ ಕೆಸರೇ. ಮೊಸರು ಯಾರ ಬಾಯಿಗೆ ಹೋಯಿತೋ!

ಸಂಜೆ ಅಮ್ಮ ಬಂದು ಹಂಡೆಯ ಪಕ್ಕ ಕಾಲು ತೊಳೆಯುವಾಗ ಎಲ್ಲ ಹೇಳಿದೆ. ಅತ್ತುಬಿಟ್ಟೆ ಎಂದುಕೊಳ್ಳಬೇಡಿ, ಕೂಗಾಡಿದೆ. ಹೆಡ್ಮಾಷ್ಟ್ರನ್ನು ಬೈದೆ, ಮ್ಯಾಪನ್ನು ಬೈದೆ, ಎಲ್ಲಿಯೋ ಇರುವ ಆ ಮೂರು ನದಿಗಳನ್ನೂ ಬೈದೆ. ಅಮ್ಮ ತುಳುವಿನಲ್ಲಿ ಕೇಳಿದ್ದು ಇಷ್ಟೇ: "ಆ ಮ್ಯಾಪು ಎಂಥದರಲ್ಲಿ ಮಾಡಿದ್ದು?"

"ಕಾಗದದಲ್ಲಿ."

"ಕಾಗದದಲ್ಲಿ ಏರು ಇಳಿ ಉಂಟಾ?"

"ಇಲ್ಲ."

"ಮತ್ತೆ ಅದರಲ್ಲಿ ನೀರು ಹೋಗುವ ದಿಕ್ಕು ಹೇಗೆ ಗೊತ್ತಾಗ್ತದೆ ಮಾರಾಯ್ತಿ? ನೀರಿಗೆ ಮೂಡು ಪಡು ಎಲ್ಲ ಗೊತ್ತಿಲ್ಲ. ಇಳಿಜಾರು ಒಂದೇ ಗೊತ್ತು. ಆ ಊರಿನ ನೆಲ ಆ ಕಡೆಗೆ ತಗ್ಗಿದ್ದರೆ ಅದು ಆ ಕಡೆಗೇ ಹೋಗುವುದು." ಗೋಡೆಗೆ ಒರಗಿಸಿದ್ದ ಒಂದು ಒಡಕು ಹಂಚನ್ನು ಎತ್ತಿ, ಚೆಂಬಿನ ನೀರು ಹಾಕಿ, ಆಚೆಗೊಮ್ಮೆ ಈಚೆಗೊಮ್ಮೆ ಬಾಗಿಸಿದಳು. ನೀರು ಬಾಗಿಸಿದ ಕಡೆಗೆಲ್ಲ ಓಡಿತು. "ನಿನ್ನ ಮಾಷ್ಟ್ರಿಗೆ ಇದನ್ನು ತೋರಿಸಲಿಕ್ಕೆ ಎಂತ ಕಷ್ಟ ಇತ್ತು? ನೀನು ಮಣ್ಣಿನಲ್ಲಿ ಮಾಡು. ಇಡೀ ಮ್ಯಾಪು ಮಾಡು. ತೋರಿಸುವ ಅವರಿಗೆ."

ನಮಗೆ ಬೇಕಾದ ದಿನವೂ ಗೊತ್ತಿತ್ತು. ಡಿಸೆಂಬರಿನಲ್ಲಿ ಇನ್‌ಸ್ಪೆಕ್ಟರು ಬೆಳ್ತಂಗಡಿ ಕಡೆಯ ಶಾಲೆಗಳನ್ನು ಮುಗಿಸಿ ನಮ್ಮಲ್ಲಿಗೆ ಬರುವವರಿದ್ದರು. ಅವರು ರುಜು ಹಾಕಿದ ಮೇಲೆಯೇ ಆ ಪಟ್ಟಿ ಮೇಲಕ್ಕೆ ಹೋಗುವುದು. ಅಷ್ಟರ ಒಳಗೆ ಆ ಗೀಟು ಅಳಿಸಿಹೋಗಬೇಕಿತ್ತು.

ಮ್ಯಾಪನ್ನು ಮನೆಗೆ ತರುವ ಹಾಗಿರಲಿಲ್ಲ. ಮಧ್ಯಾಹ್ನ ಎಲ್ಲರೂ ಗಂಜಿಗೆ ಹೋದಾಗ ಬೆಂಚು ಹತ್ತಿ, ಬೀಡಿ ಕಟ್ಟುವ ಕೆಂಪು ನೂಲಿನಿಂದ ಒಂದೊಂದು ನದಿಯನ್ನೂ ಅಳೆದೆ. ಬಾಗಿದಲ್ಲಿ ನೂಲನ್ನೂ ಬಾಗಿಸಿ, ತಿರುವಿಗೊಂದು ಗಂಟು. ಗಂಗೆಗೆ ಒಂದು ನೂಲು, ಸಿಂಧುವಿಗೆ ಒಂದು, ಯಾಂಗ್‌ಟ್ಸೆಗೆ ಒಂದು ಭಾರೀ ಉದ್ದದ್ದು. ತಿಂಗಳು ಮುಗಿಯುವಾಗ ನನ್ನ ಲಂಗದ ಜೇಬಿನಲ್ಲಿ ಏಷ್ಯಾದ ನದಿಗಳೆಲ್ಲ ಸಿಕ್ಕುಬಿದ್ದಿದ್ದವು. ಯಾವ ನೂಲು ಯಾವ ನದಿ ಎಂದು ಬಿಡಿಸುತ್ತ ಬಿಡಿಸುತ್ತ, ಅವು ನನಗೆ ಬಾಯಿಪಾಠವಾದವು.

ಮಣ್ಣಿಗೆ ಬರವಿರಲಿಲ್ಲ. ಕಾರ್ಖಾನೆಗೆ ಮಣ್ಣು ತೆಗೆದ ಗದ್ದೆಯ ಹೊಂಡ ನಮ್ಮ ಮನೆಯ ಹಿಂದೆಯೇ ಇತ್ತು. ನೆಲಕ್ಕೆ ಹಾಸುವ ಚೌಕ ಹಂಚಿನ ಹಳೆಯ ಮರದ ಅಚ್ಚೊಂದನ್ನು ಇದಿನಬ್ಬ ಕೊಟ್ಟ. ಇದಿನಬ್ಬ ಎಂದರೆ ಕಾರ್ಖಾನೆಯ ಭಟ್ಟಿಗೆ ಬೆಂಕಿ ಹಾಕುವವನು. ಹುಬ್ಬು ಅರ್ಧ ಸುಟ್ಟ, ಮಾತು ಕಡಿಮೆಯ ಬ್ಯಾರಿ. ಅಮ್ಮ ಕೇಳಿದ ಕೂಡಲೇ "ಏಷ್ಯಾ ಅಂದರೆ ಅದರಲ್ಲಿ ಮಕ್ಕ ಬರ್ತದಾ?" ಎಂದು ನನ್ನನ್ನು ಕೇಳಿದ. ಬರುತ್ತದೆ ಎಂದೆ. "ಹಾಗಾದರೆ ಸುಟ್ಟುಕೊಡ್ತೇನೆ. ಭಟ್ಟಿಯ ಮೂಲೆಯಲ್ಲಿ ಜಾಗ ಉಂಟು."

ಹನ್ನೆರಡು ಹಂಚು, ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಮೂರು. ಶಾಲೆಯಿಂದ ಬಂದವಳು ದಿನಕ್ಕೆ ಒಂದು ಮಾಡಿದರೆ ಹೆಚ್ಚು. ಸೋಮವಾರ ಅರೇಬಿಯಾ, ಗುರುವಾರ ಟಿಬೆಟ್, ಮಳೆ ಹೆಚ್ಚಿದ ವಾರ ಏನೂ ಇಲ್ಲ. ಹಿಮಾಲಯಕ್ಕೆ ಮಣ್ಣು ಮೆತ್ತಿದ್ದೇ ಮೆತ್ತಿದ್ದು. "ಗಡಾಯಿಕಲ್ಲಿಗಿಂತ ದೊಡ್ಡದಾ?" ಎಂದು ಅಮ್ಮ ಕೇಳಿದಳು. ಬೆಳ್ತಂಗಡಿಯ ಆ ಬಂಡೆಗಿಂತ ಎತ್ತರದ್ದನ್ನು ಅವಳು ಕಂಡಿರಲಿಲ್ಲ. ಅಂಥ ಗಡಾಯಿಕಲ್ಲುಗಳನ್ನು ಒಂದರ ಮೇಲೊಂದು ಇಡುತ್ತ ಹೋಗಬೇಕು ಎಂದೆ. "ಹೋ, ಹಾಗಾದರೆ ನೀರು ಸುತ್ತ ಎಲ್ಲ ಕಡೆಗೂ ಇಳೀಬೇಕಲ್ಲ" ಎಂದಳು. ಅಷ್ಟೇ! ಇಡೀ ಪಾಠಪುಸ್ತಕದ ಏಷ್ಯಾ ಆ ಒಂದು ಮಾತಿನಲ್ಲಿತ್ತು. ನಡುವೆ ಎತ್ತರ, ಸುತ್ತ ಇಳಿಜಾರು, ಉತ್ತರಕ್ಕೆ ಮೂರು, ಮೂಡಣಕ್ಕೆ ಎರಡು, ತೆಂಕಣಕ್ಕೆ ನಮ್ಮ ಗಂಗೆ ಬ್ರಹ್ಮಪುತ್ರರ ಹಿಂಡು. ಹೆಡ್ಮಾಷ್ಟ್ರು ಎಂಟು ಪಾಠ ಮಾಡಿದರೂ ಇದನ್ನು ಹೇಳಿರಲಿಲ್ಲ.

ಆಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳನ್ನು ಒಂದು ಗುಂಡಿಗೆ ತಂದು ನಿಲ್ಲಿಸಿದಾಗ ಅಮ್ಮ ಕೈ ಹಿಡಿದಳು. "ಇದನ್ನು ಕಡಲಿಗೆ ಬಿಡು."

"ಇವು ಕಡಲಿಗೆ ಹೋಗುವುದಿಲ್ಲ ಅಮ್ಮ. ಆರಲ್ ಎಂಬ ಸರೋವರದಲ್ಲೇ ಮುಗೀತವೆ."

"ಅಯ್ಯೋ ಪಾಪ. ಅಷ್ಟು ದೂರ ಹರಿದು ಕಡಲೇ ಸಿಕ್ಕಲಿಲ್ಲವಾ?" ಅವಳಿಗೆ ನಿಜವಾಗಿ ಬೇಸರವಾಯಿತು. ಆ ಗುಂಡಿಯನ್ನು ಹೆಬ್ಬೆಟ್ಟಿನಿಂದ ಒತ್ತಿ ಇನ್ನಷ್ಟು ದೊಡ್ಡದು ಮಾಡಿದಳು.

ಆಟಿ ಮುಗಿದು ಸೋಣ ತಿಂಗಳಲ್ಲಿ ಭಟ್ಟಿಯಿಂದ ಬಂದ ಏಷ್ಯಾವನ್ನು ನೋಡಿದರೆ ನಗಬೇಕೋ ಅಳಬೇಕೋ! ಹಿಮಾಲಯ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಹನ್ನೆರಡರಲ್ಲಿ ಒಂದರ ಅಳತೆಗೆ ಇನ್ನೊಂದಿಲ್ಲ. ಗಂಗೆ ಒಂದು ಹಂಚಿನ ಅಂಚಿಗೆ ಬಂದು ನಿಂತರೆ, ಅದರ ಮುಂದಿನ ಭಾಗ ಪಕ್ಕದ ಹಂಚಿನಲ್ಲಿ ಎರಡು ಬೆರಳು ಕೆಳಗೆ ಶುರುವಾಗುತ್ತಿತ್ತು. ಚೀನಾ ಕುಗ್ಗಿತ್ತು, ಅರೇಬಿಯಾ ಹಾಗೇ ಇತ್ತು. ನಾನು ಹೊಂಡದ ಬದಿಯಲ್ಲಿ ಕೂತು ಅತ್ತೆ. ಈ ಸಲ ನಿಜವಾಗಿಯೂ ಅತ್ತೆ.

ಅಮ್ಮ ಎರಡು ಹಂಚುಗಳನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. "ನೀನು ಇದನ್ನು ಒಂದೊಂದು ದಿನ ಒಂದೊಂದು ಮಾಡಿದ್ದಲ್ಲವಾ? ಒಂದು ಒಣಗಿದ್ದು, ಒಂದು ಹಸಿ. ಮಣ್ಣು ಸುಟ್ಟರೆ ಕಿರಿದಾಗ್ತದೆ ಮಗಾ, ಹಸಿ ಇದ್ದಷ್ಟೂ ಹೆಚ್ಚು ಕಿರಿದು. ಹನ್ನೆರಡೂ ಒಂದೇ ಮಣ್ಣು, ಒಂದೇ ದಿನ, ಒಂದೇ ನೆರಳು, ಭಟ್ಟಿಯಲ್ಲಿ ಒಂದೇ ಸಾಲು. ಹಾಗಾದರೆ ಕಿರಿದಾದರೂ ಎಲ್ಲ ಒಟ್ಟಿಗೆ ಕಿರಿದಾಗ್ತದೆ. ಒಟ್ಟಿಗೆ ಕಿರಿದಾದರೆ ಎಂತ ನಷ್ಟ ಇಲ್ಲ."

"ನಿನಗೆ ಮೊದಲೇ ಗೊತ್ತಿತ್ತಲ್ಲ, ಹೇಳ್ಲಿಕ್ಕೆ ಎಂತ ದಾಡಿ?" ಎಂದು ರೇಗಿದೆ.

"ನೀನು ಕಲಿತವಳಲ್ಲವಾ, ಗೊತ್ತುಂಟು ಅಂತ ಗ್ರಹಿಸಿದೆ" ಎಂದು ನಕ್ಕಳು. ನಗು ನೋಡಿ ಮೈ ಉರಿಯಿತು. ಆದರೆ ಮರುದಿನವೇ ಹೊಂಡಕ್ಕೆ ಇಳಿದು ಮಣ್ಣು ತುಳಿಯತೊಡಗಿದೆ.

ಮಳೆ ಹಿಂದೆ ಸರಿದ ಮೇಲೆ ಒಂದು ಆದಿತ್ಯವಾರ ಬೆಳಿಗ್ಗೆ ಗಂಜಿ ಕುಡಿದು ಕೂತವರು, ಬೆಳಕು ಹೋಗುವುದರೊಳಗೆ ಹನ್ನೆರಡನ್ನೂ ಮುಗಿಸಿದೆವು. ನೂಲಿನ ಗಂಟು ನೋಡಿ ನಾನು ನದಿ ಕೊರೆಯುವುದು, ಅಮ್ಮ ಬೆಟ್ಟ ಎತ್ತುವುದು. ಗೆದ್ದಲು ತಿಂದ ಜಾಗವನ್ನು ಚಪ್ಪಟೆಯಾಗಿಯೇ ಬಿಟ್ಟೆ. ಇಲ್ಲಿ ಯಾಕೆ ಏನೂ ಇಲ್ಲ ಎಂದು ಅಮ್ಮ ಕೇಳಿದ್ದಕ್ಕೆ "ಇಲ್ಲಿ ಏನಿದೆ ಅಂತ ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ" ಎಂದೆ. ಸಂಜೆ ಬಂದ ಇದಿನಬ್ಬ ಸುತ್ತ ಒಮ್ಮೆ ನಡೆದು ನೋಡಿ, "ಗುರುತು ಹಾಕಿ ಅಕ್ಕು. ಇಲ್ಲದಿದ್ದರೆ ಕಂಪೆನಿಯ ಹಂಚಿನ ಜೊತೆ ಲಾರಿ ಹತ್ತಿ ಹೋದೀತು" ಎಂದ. ಕಂಪೆನಿಯ ಹಂಚಿನ ಬೆನ್ನಿಗೆ ಕಂಪೆನಿಯ ಹೆಸರಿನ ಅಚ್ಚು ಇರುತ್ತಿತ್ತು. ನಮ್ಮದಕ್ಕೆ ಏನು ಹಾಕುವುದು? ಅಮ್ಮ ಒಂದೊಂದನ್ನೂ ಓರೆ ಮಾಡಿ, ಬೆನ್ನಿನ ಮೂಲೆಗೆ ತನ್ನ ಹೆಬ್ಬೆಟ್ಟು ಒತ್ತಿದಳು, ಹನ್ನೆರಡು ಸಲ. ಓದು ಬಾರದವಳು, ಎಲ್ಲ ಕಡೆ ಹೆಬ್ಬೆಟ್ಟು ಒತ್ತಿ ಅಭ್ಯಾಸವಾದವಳು. ಆದರೆ ಅವತ್ತು ಅವಳು ಒತ್ತಿದ ಠೀವಿಯೇ ಬೇರೆ.

ಈ ಸಲ ಗಂಗೆ ಗಂಗೆಯನ್ನು ಸೇರಿತು. ಇಡೀ ಏಷ್ಯಾ ಒಂದು ಗೇಣಿನಷ್ಟು ಕಿರಿದಾಗಿತ್ತು, ಆದರೆ ಎಲ್ಲ ಒಟ್ಟಿಗೆ.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಹೆಡ್ಮಾಷ್ಟ್ರು ಕ್ಲಾಸಿಗೆ ಬಂದು ನಾಲ್ಕು ಮಂದಿಯ ಹೆಸರು ಕರೆದರು. ನನ್ನದು ಮೊದಲನೆಯದು. "ನಾಳೆ ನೀವು ಬರುವುದು ಬೇಡ. ಮನೆಯಲ್ಲಿ ಇರಿ." ದಡ್ಡರನ್ನು ಅಡಗಿಸಿಡುವ ಪದ್ಧತಿ ಅದು, ಅಂಗಳ ಗುಡಿಸುವುದು, ತೋರಣ ಕಟ್ಟುವುದು ಇದ್ದ ಹಾಗೆ ಅದೂ ಒಂದು ತಯಾರಿ. ನಾನು ತಲೆ ಆಡಿಸಿದೆ. ಸುಳ್ಳು ತಲೆ ಆಡಿಸುವುದನ್ನು ಕಲಿತದ್ದೂ ಆ ಶಾಲೆಯಲ್ಲಿಯೇ.

ಮರುದಿನ ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಎಂಟು ಹಂಚು ಅವಳ ತಲೆಯ ಹಲಗೆಯ ಮೇಲೆ, ನಾಲ್ಕು ನನ್ನ ತಲೆಯ ಮೇಲೆ. ಅಮ್ಮ ಮುಂದೆ, ನಾನು ಹಿಂದೆ. ದಾರಿಯಲ್ಲಿ ಯಾರೋ "ಎಲ್ಲಿಗೆ ಅಕ್ಕು, ಮನೆ ಕಟ್ಟುವುದಾ?" ಎಂದು ಕೇಳಿದರು. "ಅಲ್ಲ, ಏಷ್ಯಾ ಕೊಂಡುಹೋಗುವುದು" ಎಂದಳು ತಿರುಗಿ ನೋಡದೆ.

ಇನ್‌ಸ್ಪೆಕ್ಟರು ಒಳಗೆ ಒಂದನೆಯ ಕ್ಲಾಸಿನ ಮಗ್ಗಿ ಕೇಳುತ್ತಿದ್ದರು. ನಾವು ಅಂಗಳದ ನಡುವೆ ಹಂಚು ಜೋಡಿಸಿ, ಸಂದಿಗಳಿಗೆ ಹಸಿಮಣ್ಣು ಮೆತ್ತಿದೆವು. ಉತ್ತರ ಉತ್ತರಕ್ಕೇ ಇರಲಿ ಎಂದು ಸೈಬೀರಿಯಾವನ್ನು ಶಾಲೆಯ ಜಗಲಿಯ ಕಡೆಗೆ ಇಟ್ಟೆ. ಬಾವಿಯಿಂದ ಕೊಡಪಾನ ತುಂಬಿ, ಚೆಂಬು ಬಟ್ಟಲು ಸಮೇತ ತಂದಾಯಿತು. ಸದ್ದು ಕೇಳಿ ಹೆಡ್ಮಾಷ್ಟ್ರು ಹೊರಗೆ ಬಂದರು.

"ಎಂಥದಿದು? ನಿನಗೆ ಬರಬೇಡ ಹೇಳಿದ್ದಲ್ಲವಾ? ತೆಗೆ ಇದನ್ನು, ತೆಗೆ ಮೊದಲು!" ಎಂದು ಪಿಸುದನಿಯಲ್ಲೇ ಗದರಿದರು. ಆದರೆ ಅಷ್ಟರಲ್ಲಿ ಅವರ ಬೆನ್ನ ಹಿಂದೆ ಇನ್‌ಸ್ಪೆಕ್ಟರು ಬಂದು ನಿಂತಿದ್ದರು. ಗಟ್ಟಿ ಇಸ್ತ್ರಿಯ ಬಿಳಿ ಪ್ಯಾಂಟು, ಕೈಯಲ್ಲಿ ಟೋಪಿ. ಬಯಲುಸೀಮೆಯ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. "ಇದೇನ್ರೀ ಇದು, ಏಷ್ಯಾ ಅಲ್ವೇನ್ರೀ?"

ಹೆಡ್ಮಾಷ್ಟ್ರ ಮುಖ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬದಲಾಯಿತು. "ಹೌದು ಸಾರ್. ನಮ್ಮ ಮಕ್ಕಳ ಕೈಕೆಲಸ. ತಮಗೆ ತೋರಿಸುವ ಅಂತ ಮಾಡಿಸಿದ್ದು."

ಮಾಡಿಸಿದ್ದು! ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. "ಇಲ್ಲ ಸಾರ್" ಎಂದೆ. "ಇದು ನಾನು, ನನ್ನ ಅಮ್ಮ ಮಾಡಿದ್ದು. ನೀರು ಮೇಲಕ್ಕೆ ಹೇಗೆ ಹೋಗ್ತದೆ ಅಂತ ಕೇಳಿದ್ದಕ್ಕೆ ನನ್ನ ಹೆಸರನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆದಿದ್ದಾರೆ. ಇವತ್ತು ಶಾಲೆಗೆ ಬರಬೇಡ ಅಂತಲೂ ಹೇಳಿದ್ದಾರೆ."

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಹಂಚನ್ನು ನೋಡಿದರು. "ಸರಿ. ಲೇನಾ ನದಿ ಯಾವ ಕಡೆ ಹರೀತದೆ?"

"ನೀರು ಹಾಕಿ ನೋಡಿ ಸಾರ್" ಎಂದು ಚೆಂಬು ಮುಂದೆ ಹಿಡಿದೆ.

ಅವರು ನಕ್ಕು, ಟೋಪಿಯನ್ನು ಹೆಡ್ಮಾಷ್ಟ್ರ ಕೈಗೆ ಕೊಟ್ಟು, ಬಗ್ಗಿ ನೀರು ಸುರಿದರು. ಮೊದಲ ಚೆಂಬನ್ನು ಹಂಚು ಕುಡಿದುಬಿಟ್ಟಿತು. ಎರಡನೆಯದು ಹರಿಯಿತು. ಹರಿಯಿತು ಎಂದರೆ, ಹೇಗೆ ಹೇಳಲಿ, ಲೇನಾ ನದಿಯ ಗೆರೆ ಹಿಡಿದು ಎರಡು ಬೆರಳು ಹೋದ ನೀರು ದಡ ಮೀರಿ, ಯೆನಿಸೆಯ್ ದಾಟಿ, ಓಬ್ ದಾಟಿ, ಯುರಾಲ್ ಬೆಟ್ಟದ ಬುಡ ಸವರಿಕೊಂಡು ಸೀದಾ ಪಡುವಣಕ್ಕೆ ಹೋಯಿತು. ನಾನು ಆಟಿಯಲ್ಲಿ ಹೇಳಿದ್ದ ಉತ್ತರವೇ! ಎಲ್ಲರ ಮುಂದೆ, ನಾನೇ ಮಾಡಿದ ಏಷ್ಯಾದ ಮೇಲೆ!

ಮಕ್ಕಳು ಕಿಸಕ್ಕೆಂದರು. ಮುಗಿಯಿತು, ನಾಳೆಯಿಂದ ಹಲಗೆ ನನ್ನ ತಲೆಯ ಮೇಲೆ ಎಂದುಕೊಂಡೆ.

ಅಮ್ಮ ಮಾತ್ರ ನೀರನ್ನು ನೋಡುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅಂಗಳವನ್ನು ನೋಡುತ್ತಿದ್ದಳು. "ಅಂಗಳ ಇಳಿಜಾರು ಉಂಟು" ಎಂದಳು ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ಹೆಡ್ಮಾಷ್ಟ್ರಿಗೆ ಬೇಕಾದದ್ದು ಅದೇ. "ನೋಡಿ ಸಾರ್, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಅಮ್ಮ ತಲೆ ಎತ್ತಿದಳು. "ಡೊಂಕೇ ಉಂಟು ಸ್ವಾಮೀ. ಮಳೆನೀರು ಗದ್ದೆಗೆ ಹೋಗಲಿ ಅಂತ ಪಡುಬದಿ ತಗ್ಗಿಸಿದ್ದಾರೆ. ನೀವು ದಿನಾ ಇದರ ಮೇಲೆ ನಡೀತೀರಿ, ನಿಮಗೆ ಗೊತ್ತಾಗಲಿಲ್ಲವಾ?" ಎಂದವಳು ನನ್ನ ಕಡೆ ತಿರುಗಿ, "ಎಂತ ನೋಡ್ತಾ ನಿಂತಿದ್ದಿ? ಹಂಚಿನ ಚೂರು ತಾ!" ಎಂದು ಗದರಿದಳು.

ಓಡಿದೆ. ಗೋಡೆಯ ಬುಡದಲ್ಲಿ ಬಿದ್ದಿದ್ದ ಹಂಚಿನ ಚೂರುಗಳನ್ನು ಲಂಗದಲ್ಲಿ ತುಂಬಿ ತಂದೆ. ಅಮ್ಮ ಪಡುಬದಿಯ ಹಂಚುಗಳ ಅಡಿಗೆ ಒಂದೊಂದೇ ಚೂರು ಸೇರಿಸಿ ಎತ್ತರಿಸಿದಳು. ನಡುನಡುವೆ ಬಟ್ಟಲಿನಲ್ಲಿ ನೀರು ತುಂಬಿ ಮೇಲಿಟ್ಟು, ನೀರಿನ ಅಂಚು ಬಟ್ಟಲಿನ ಅಂಚಿಗೆ ಸರಿಯಾಗಿದೆಯೇ ಎಂದು ನೋಡಿದಳು. ಅವಸರವೇ ಇಲ್ಲ. ಕಾರ್ಖಾನೆಯಲ್ಲಿ ಒಣಗುವ ಅಟ್ಟ ಸರಿ ಮಾಡುವ ಹಾಗೆ ಮಾಡಿದಳು. ಸಂದಿಗಳಿಗೆ ಮತ್ತೆ ಮಣ್ಣು ಮೆತ್ತಿ, ಎದ್ದು, ಸೆರಗಿಗೆ ಕೈ ಒರೆಸಿ, "ಈಗ ಹಾಕಿ" ಎಂದಳು. ದೊಡ್ಡ ಆಫೀಸರಿಗೆ ಯಾರಾದರೂ ಹಾಗೆ ಅಪ್ಪಣೆ ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವರು ಹಾಕಿದರು. ನಡುವಿನ ಎತ್ತರದ ಮೇಲೆ ಬಿದ್ದ ನೀರು ಒಂದು ಕ್ಷಣ ತಡೆಯಿತು, ಮತ್ತೆ ಒಡೆಯಿತು. ಗಂಗೆ ತೆಂಕಣಕ್ಕೆ ಬಂತು. ಯಾಂಗ್‌ಟ್ಸೆ ಮೂಡಣಕ್ಕೆ, ನಾನು ಹುಟ್ಟಿದ ಮೇಲೆ ಕಂಡ ಮೊದಲ ಮೂಡಣದ ನೀರು ಅದು. ಆಮು ದರಿಯಾ ಅಮ್ಮ ದೊಡ್ಡದು ಮಾಡಿದ ಗುಂಡಿಯಲ್ಲಿ ತುಂಬಿ ನಿಂತಿತು. ಮತ್ತೆ ಓಬ್, ಯೆನಿಸೆಯ್, ಲೇನಾ, ಮೂರೂ ಹೆಡ್ಮಾಷ್ಟ್ರು ನಿಂತಿದ್ದ ಜಗಲಿಯ ಕಡೆಗೆ, ಉತ್ತರಕ್ಕೆ, ಹರಿದು ಹೋಗಿ ಅವರ ಚಪ್ಪಲಿಯನ್ನು ಒದ್ದೆ ಮಾಡಿದವು. ಅವರು ಕಾಲು ಹಿಂದೆ ತೆಗೆದರು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ, ಇವತ್ತಿಗೂ ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

"ಪಟ್ಟಿ ತನ್ನಿ" ಎಂದರು ಇನ್‌ಸ್ಪೆಕ್ಟರು.

"ಹಾಜರಿ ಸಾಲದು ಸಾರ್..."

"ಬರಬೇಡ ಅಂದ್ರೆ ಹಾಜರಿ ಎಲ್ಲಿಂದ ಬರ್ಬೇಕ್ರೀ? ಪಟ್ಟಿ ತನ್ನಿ."

ಗೀಟು ಹಾಕಿದ ಹೆಸರಿನ ಕೆಳಗೆ ನನ್ನ ಹೆಸರನ್ನು ಹೆಡ್ಮಾಷ್ಟ್ರೇ ತಮ್ಮ ಕೈಯಾರೆ ಮತ್ತೆ ಬರೆದರು. ಪರೀಕ್ಷೆಯಲ್ಲಿ ಏಷ್ಯಾದ ಮ್ಯಾಪು ಬಂದೇ ಬಂತು. ಲೆಕ್ಕದಲ್ಲಿ ಅಂಚಿಗೆ ಬಂದು ಪಾಸಾದೆ, ಭೂಗೋಳದಲ್ಲಿ ಇಡೀ ಶಾಲೆಗೆ ಮೊದಲು. ಮುಂದೆ ಮೂಡುಬಿದಿರೆಯಲ್ಲಿ ಟೀಚರ್ ಆದೆ. ಮೂವತ್ತೈದು ವರ್ಷ ಭೂಗೋಳ ಹೇಳಿಕೊಟ್ಟೆ. 'ಯಾಕೆ' ಎಂದು ಕೇಳಿದ ಒಂದು ಮಗುವಿನ ಹೆಸರಿಗೂ ಗೀಟು ಎಳೆಯಲಿಲ್ಲ.

ಹಂಚುಗಳನ್ನು ಮಾತ್ರ ಹೆಡ್ಮಾಷ್ಟ್ರು ಬಿಡಲಿಲ್ಲ. ಅವು ಶಾಲೆಯ ಸ್ವತ್ತು ಎಂದರು. ಒಂದೊಂದರ ಬೆನ್ನಿಗೂ ಕಾಗದದ ಚೀಟಿ ಅಂಟಿಸಿದರು, ಮೊಹರು ಒತ್ತಿದ್ದು: 'ಎಂಟನೆಯ ತರಗತಿಯ ಕೈಕೆಲಸ. ಮಾರ್ಗದರ್ಶನ: ಮುಖ್ಯೋಪಾಧ್ಯಾಯರು.' ಶಾಲೆ ಬಿಡುವ ದಿನ ನೋಡಿ ಕೇಳಿದೆ: "ಚೀಟಿಯನ್ನು ಅಮ್ಮನ ಹೆಬ್ಬೆಟ್ಟಿನ ಮೇಲೆಯೇ ಅಂಟಿಸಿದ್ದೀರಲ್ಲ ಸಾರ್?"

"ಹೆಬ್ಬೆಟ್ಟಾ ಅದು? ಎಂಥದೋ ಕಲೆ ಅಂತ ಗ್ರಹಿಸಿದೆ" ಎಂದರು. ಆ ಮಾತನ್ನು ಅಮ್ಮನಿಗೆ ನಾನು ಕಡೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಅವಳು 'ಇರಲಿ ಬಿಡು' ಎನ್ನುತ್ತಿದ್ದಳು, ನನಗೆ ಬಿಡುವ ಮನಸ್ಸಿರಲಿಲ್ಲ.

ಇದೆಲ್ಲ ತಲೆಯಲ್ಲಿ ಹರಿಯುತ್ತಿರುವಾಗಲೇ ನಾನು ಆ ಕೆಡವಿದ ಶಾಲೆಯ ಅಂಗಳದಲ್ಲಿ ರಾಶಿಯಿಂದ ರಾಶಿಗೆ ನಡೆಯುತ್ತಿದ್ದೆ. ಬಾವಿಕಟ್ಟೆಯ ಹತ್ತಿರ, ಕೆಲಸದವರು ಕೊಡಪಾನ ಇಡಲು ಹಾಕಿಕೊಂಡಿದ್ದ ಚೌಕ ಹಂಚೊಂದು ಕಂಡಿತು. ಮೂಲೆ ಒಡೆದಿತ್ತು, ಪಾಚಿ ಹಿಡಿದಿತ್ತು. ಆದರೆ ಆ ಗೆರೆಗಳನ್ನು ನಾನು ಕುರುಡಿಯಾದರೂ ಬೆರಳಿನಲ್ಲಿ ಗುರುತು ಹಿಡಿದೇನು.

"ಎಂತಕ್ಕೆ ಅಜ್ಜಿ ಆ ಒಡಕು ಹಂಚು? ಒಳ್ಳೇದು ಬೇಕಾದರೆ ಅಲ್ಲಿ ಉಂಟು" ಎಂದ ಪೈಪಿನವನು.

"ಇದು ಸೈಬೀರಿಯಾ ಮಾರಾಯ. ನೀರು ಬಿಡು ಇದಕ್ಕೆ."

ಅಜ್ಜಿಗೆ ತಲೆ ಸರಿ ಇಲ್ಲ ಎಂದುಕೊಂಡನೋ ಏನೋ, ನಗುತ್ತ ಬಿಟ್ಟ. ಕೊಡಪಾನದ ಕೆಸರೆಲ್ಲ ಹೋಗಿ ಲೇನಾ ಮೇಲೆದ್ದಿತು. ನಾನು ಹಂಚನ್ನು ಎತ್ತಿ ಬೋರಲು ಹಾಕಿದೆ. ಬೆನ್ನಿನ ಮೇಲೆ ಗೆದ್ದಲಿನ ಮಣ್ಣಿನ ಒಣಗಿದ ಗೆರೆಗಳು ಅಷ್ಟೇ, ಚೀಟಿಯ ಒಂದು ತುಣುಕೂ ಉಳಿದಿರಲಿಲ್ಲ. ಮೊಹರಿಲ್ಲ, ಮಾರ್ಗದರ್ಶನವಿಲ್ಲ, ಮುಖ್ಯೋಪಾಧ್ಯಾಯರಿಲ್ಲ. ಪೈಪಿನ ನೀರಿಗೆ ಆ ಮಣ್ಣೂ ತೊಳೆದುಹೋಗಿ, ಮೂಲೆಯಲ್ಲಿ ಅಮ್ಮನ ಹೆಬ್ಬೆಟ್ಟು ಗೆರೆ ಗೆರೆಯಾಗಿ ಕಂಡಿತು. ಭಟ್ಟಿಯಲ್ಲಿ ಸ್ವಲ್ಪ ಕಿರಿದಾಗಿತ್ತು. ನನ್ನ ಹೆಬ್ಬೆರಳು ಅದರಲ್ಲಿ ಹಿಡಿಸಲಿಲ್ಲ.

"ಅದೆಂತ ಕಲೆ ಅಜ್ಜಿ?" ಎಂದು ಆ ಹುಡುಗ ಬಗ್ಗಿ ನೋಡಿದ.

"ಕಲೆ ಅಲ್ಲ" ಎಂದೆ. "ಇದನ್ನು ಮಾಡಿದವಳ ರುಜು."